ಕಂಬಿಯ ಮೇಲಿನ ತಾಳ

ಭಾನುವಾರ, ಮಾರ್ಚ್ ೧೨

ಪ್ರೀತಿಯ ಅಕ್ಕ,

ನಿಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಇದೆ ಎಂದು ನೀನು ಬರೆದಿದ್ದೆಯಲ್ಲ, 'ಕೂರಬೇಡ' ಎನ್ನುವ ಆ ಹಾಡು, ಅದು ನನ್ನದು. ಬರೆದವಳು ನಾನು, ಹಾಡಿದವಳೂ ನಾನು. ಹಾಡಿನ ಜೊತೆ 'ದಾರ' ಅಂತ ಒಂದು ಹೆಸರು ಬರುತ್ತದಲ್ಲ, ಆ ದಾರ ನಾನೇ. ಒಂದು ವರ್ಷದಿಂದ ಇದನ್ನು ಮುಚ್ಚಿಟ್ಟಿದ್ದೆ. 'ಆ ಹುಡುಗಿಯ ದನಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗಿದೆ, ಆದರೂ ಯಾಕೋ ನಮ್ಮ ಮನೆಯವಳು ಅನ್ನಿಸುತ್ತದೆ' ಎಂದು ನೀನು ಬರೆದಾಗಲೂ ಬಾಯಿ ಬಿಡಲಿಲ್ಲ. ನನ್ನ ದನಿಯನ್ನು ಒಂದು ಯಂತ್ರದೊಳಗೆ ತೂರಿಸಿ ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ ಮಾಡಿದ್ದೆವು, ಅದಕ್ಕೇ ನಿನಗೆ ಗುರುತು ಸಿಗಲಿಲ್ಲ. ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನನ್ನನ್ನು ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದೆ ನೀನು. ಹೇಳಲು ಬರುವುದಿಲ್ಲ, ಅದು ನಿಜ. ಸುಮ್ಮನಿರಲು ಚೆನ್ನಾಗಿ ಬರುತ್ತದೆ ಎಂದು ಈಗ ಗೊತ್ತಾಯಿತು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ ಎಂದು ಬೈಯಬೇಡ. ಬೈಯುವುದಿದ್ದರೂ ಪೂರ್ತಿ ಓದಿದ ಮೇಲೆ ಬೈ, ಕಾರಣಗಳು ಬೇಕಾದಷ್ಟು ಸಿಗುತ್ತವೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳನ್ನೆಲ್ಲ ಕಾಗದದಲ್ಲೇ ಹೇಳಿಕೊಂಡು ಅಭ್ಯಾಸ, ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎನ್ನುವ ಕಾರಣಕ್ಕೆ. ಇದೊಂದನ್ನು ಮಾತ್ರ ಅಮ್ಮನಿಗೆ ಓದಲು ಕೊಟ್ಟಿಲ್ಲ. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ. ಕೆಮ್ಮು ಕಡಿಮೆಯಾಗಿದೆ. ನೀನು ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಾಳೆ, ಆದರೆ ಅದರ ವಾಸನೆಗೆ ನಿನ್ನನ್ನೂ ಸೇರಿಸಿ ಬೈಯುತ್ತಾಳೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತಲ್ಲ, ಅದನ್ನು ನಾನೇ ಬಿಚ್ಚಿ ಸರಿಮಾಡಿದೆ.

ನಿನ್ನ ಕಾಗದದಲ್ಲಿ ಒಂದು ಮಾತಿತ್ತು. ನಿಮ್ಮ ದೊಡ್ಡ ಸಿಸ್ಟರ್ ಹುಡುಗಿಯರ ಬಾಯಲ್ಲಿ ಆ ಹಾಡು ಕೇಳಿ ಕೇಳಿ ತಲೆ ಕೆಟ್ಟು, ಕೊನೆಗೆ ವಾರ್ಡಿನ ಮೇಜಿನ ಹತ್ತಿರ ಎರಡು ಸ್ಟೂಲು ಹಾಕಿಸಿದರು ಎಂದು. 'ಈಗ ಚಾರ್ಟ್ ಬರೆಯುವಾಗ ಕೂರಬಹುದು ಕಣೇ, ಆ ಹಾಡು ಕಟ್ಟಿದವಳ ಕೈಗೆ ಮುತ್ತು ಕೊಡಬೇಕು' ಎಂದು. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಿನ್ನ ಕಾಗದ ಬಂದ ವಾರವೇ ಅಮ್ಮ ಕೆಲಸ ಮಾಡುವ ಬಟ್ಟೆ ಗಿರಣಿಯಲ್ಲಿ ಹೆಂಗಸರಿಗೆ ಕೂರುವುದು ತಪ್ಪಿಹೋಗಿತ್ತು. ಅದೂ ಇದೇ ಹಾಡಿನಿಂದಲೇ. ಮುತ್ತು ಕೊಡಬೇಕಾದ ಕೈ ಯಾವುದು, ಹೊಡೆಯಬೇಕಾದ ಕೈ ಯಾವುದು ಎಂದು ಹೇಗೆ ಬರೆಯಲಿ? ಹಾಗಾಗಿ ತಡವಾಯಿತು.

ಮೊದಲಿನಿಂದ ಹೇಳುತ್ತೇನೆ.

ನೀನು ನರ್ಸಿಂಗ್ ಓದಲು ಹೋದ ಮೇಲೆ, ನಾನು ಸ್ಕೂಲು ಬಿಟ್ಟು ಮನೆಯಲ್ಲಿದ್ದ ಆ ತಿಂಗಳುಗಳಲ್ಲಿ, ಅಮ್ಮ ನನ್ನ ಹತ್ತಿರ ಗಿರಣಿಯ ಮಾತು ಆಡುತ್ತಿದ್ದಳು. ನಿನಗೆ ಹೇಳುತ್ತಿರಲಿಲ್ಲ, ಓದುವವಳ ತಲೆಗೆ ಇದೆಲ್ಲ ಯಾಕೆ ಎಂದು. ನನಗೆ ಓದು ಇರಲಿಲ್ಲವಲ್ಲ. ನೇಯುವ ಶೆಡ್ಡಿನಲ್ಲಿ ಮಗ್ಗದ ಮುಂದೆ ಕೂರುವಂತಿಲ್ಲ, ಅದು ನಿನಗೂ ಗೊತ್ತು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಆದರೂ ಅವರು ಕೂರುತ್ತಿದ್ದರು ಅಕ್ಕ. ನೂಲಿನ ಖಾಲಿ ಕ್ರೇಟನ್ನು ಬೋರಲು ಹಾಕಿಕೊಂಡು, ಸರದಿಯ ಮೇಲೆ, ಒಬ್ಬಳು ಕೂತಾಗ ಪಕ್ಕದವಳು ಅವಳ ಮಗ್ಗವನ್ನೂ ನೋಡಿಕೊಂಡು. ಸಾಲಿನುದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಕಂಬಿ ಇದೆ. ಸೂಪರ್‌ವೈಸರ್ ಬಾಗಿಲ ಹತ್ತಿರ ಕಂಡ ಕೂಡಲೇ ಮೊದಲ ಮಗ್ಗದವಳು ಎಳೆ ಕತ್ತರಿಸುವ ಸಣ್ಣ ಕತ್ತರಿಯಿಂದ ಆ ಕಂಬಿಗೆ ಹೊಡೆಯುತ್ತಾಳೆ. ಎರಡು ಪೆಟ್ಟು, ಒಂದು ತಡೆ, ಆಮೇಲೆ ಬೇಗ ಬೇಗ ಮೂರು. ಕಿವಿಗೆ ಏನೂ ಕೇಳದು, ಮಗ್ಗಗಳ ಸದ್ದಿನಲ್ಲಿ ಪಕ್ಕದಲ್ಲಿ ಗುಡುಗಿದರೂ ಕೇಳದು. ಆದರೆ ಕಂಬಿಯ ಮೇಲೆ ಅಂಗೈ ಇಟ್ಟುಕೊಂಡವರಿಗೆ ತಿಳಿಯುತ್ತದೆ. ಒಬ್ಬೊಬ್ಬಳೂ ತನ್ನ ಕತ್ತರಿಯಿಂದ ಹೊಡೆದು ಮುಂದಿನವಳಿಗೆ ದಾಟಿಸುತ್ತಾ ಅದು ಕೊನೆಯ ಮಗ್ಗದವರೆಗೆ ಹೋಗುತ್ತದೆ. ಸೂಪರ್‌ವೈಸರ್ ಬಂದು ನೋಡಿದರೆ ಎಲ್ಲರೂ ಕಂಬದ ಹಾಗೆ ನಿಂತಿರುತ್ತಾರೆ. ಆ ಮನುಷ್ಯ ಯಾವಾಗ ನೋಡಿದರೂ ಕೈಗಡಿಯಾರವನ್ನೇ ನೋಡುತ್ತಿರುತ್ತಾನೆ ಎಂದು ಹೆಂಗಸರೆಲ್ಲ ಅವನಿಗೆ 'ಗಡಿಯಾರ' ಎಂದೇ ಹೆಸರಿಟ್ಟಿದ್ದಾರೆ.

ಆ ತಾಳವನ್ನು ಹುಡುಕಿದವಳು ನಮ್ಮಮ್ಮ. ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಶೆಡ್ಡಿನಲ್ಲಿ ನಿಂತಿದ್ದಾಗ ಹುಡುಕಿದ್ದಂತೆ. ಇದನ್ನು ಹೇಳಿದ ದಿನ ಅವಳು ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. "ಕೇಳಿಸ್ತಾ?" ಎಂದು ಕೇಳಿದಳು. "ಕೇಳಿಸಲ್ಲ, ಗೊತ್ತಾಗುತ್ತೆ" ಎಂದೆ. ಎಷ್ಟು ನಕ್ಕಳು ಗೊತ್ತಾ? "ಹಾಗಾದ್ರೆ ನೀನೂ ಮಗ್ಗದವಳೇ" ಎಂದಳು.

ಆಮೇಲೆ ನಾನು ರೇಡಿಯೋ, ಸ್ಪೀಕರ್ ರಿಪೇರಿ ಅಂಗಡಿ ಸೇರಿದೆ. ಯಜಮಾನನಿಗೆ ಎಲ್ಲರೂ ಬೆಸುಗೆ ಮಾವ ಎನ್ನುತ್ತಾರೆ, ಬೆರಳ ತುದಿಗಳೆಲ್ಲ ಸುಟ್ಟು ಗಟ್ಟಿಯಾಗಿವೆ. ಅಲ್ಲಿಗೆ ಯಾರೋ ಒಂದು ಹಳೆಯ ಸಿಂಥಸೈಜರ್ ತಂದುಕೊಟ್ಟು ತಿರುಗಿ ನೋಡಿರಲಿಲ್ಲ. ನೋಡಲು ಕೀಬೋರ್ಡಿನ ಹಾಗೆಯೇ, ಆದರೆ ಅದರೊಳಗಿನ ಸ್ವರವನ್ನು ಗುಂಡಿ ತಿರುಗಿಸಿ ಎಳೆಯಬಹುದು, ಚೂಪು ಮಾಡಬಹುದು, ಮಂಜಿನ ಹಾಗೆ ಹರಡಬಹುದು. ಬೆರಳಿನಿಂದ ಒತ್ತುವ ನಾಲ್ಕು ಮನೆಗಳು ಸತ್ತಿದ್ದವು. ಬೇರೆ ಕೀಬೋರ್ಡಿನಿಂದ ಕಿತ್ತು ಹಾಕಿದೆ, ಬಣ್ಣ ಬೇರೆಯಾದ್ದರಿಂದ ಹುಳುಕು ಹಲ್ಲಿನ ಹಾಗೆ ಕಾಣುತ್ತಿತ್ತು. ಅದು ಮೊದಲ ಸಲ ದನಿ ಮಾಡಿದಾಗ ನನ್ನ ಮೈ ಜುಮ್ಮೆಂದಿತು ಅಕ್ಕ. ಸ್ಕೂಲಿನಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುವ ಉದ್ದಣ್ಣ ಆಗಾಗ ಅಂಗಡಿಗೆ ಬರುತ್ತಿದ್ದ. ಬಾಗಿಲಲ್ಲಿ ಬಗ್ಗದಿದ್ದರೆ ಹಣೆ ಬಡಿಯುವಷ್ಟು ಉದ್ದ. ಅವನು ಒಂದು ರಾಗದ ತುಣುಕು ಹಾಕಿದ, ನಾನು ಮಾತು ಹಾಕಿದೆ. ಒಳ್ಳೆ ಹೊಳಪಿನ, ಕುಣಿಯುವಂಥ ರಾಗ, ಅದರ ಮೇಲೆ ನನ್ನ ತಣ್ಣನೆಯ ದನಿ:

ನಿಂತಿರು, ನಿಂತಿರು, ನಗುತಾ ನಿಂತಿರು
ನೆಲಕ್ಕೂ ಗೊತ್ತು ನಿನ್ನ ಪಾದದ ಅಳತೆ
ಕುರ್ಚಿಗಳಿರುವುದು ಕೂತವರಿಗಾಗಿ
ನಿನಗಿದೆಯಲ್ಲ ನಿಲ್ಲುವ ಕ್ಷಮತೆ

"ಹಾಡು ಅಂದ್ರೆ ಒಂದೋ ಅಳಿಸಬೇಕು, ಇಲ್ಲ ಕುಣಿಸಬೇಕು. ಇದೇನಮ್ಮ, ಕುಣಿಸ್ತಾ ಕುಣಿಸ್ತಾ ಕೆನ್ನೆಗೆ ಹೊಡೆಯುತ್ತೆ?" ಎಂದ ಬೆಸುಗೆ ಮಾವ. ಉದ್ದಣ್ಣನಿಗೆ ಅದೇ ಬೇಕಾಗಿತ್ತು. ಆದರೆ ಡ್ರಮ್ಮಿನ ಸದ್ದು ಮಾಡುವ ಯಂತ್ರದ ಪೆಟ್ಟಿಗೆಯಲ್ಲಿದ್ದ ಯಾವ ತಾಳವೂ ಕೂಡಿಬರಲಿಲ್ಲ, ಎಲ್ಲವೂ ಮೆರವಣಿಗೆಯ ಹಾಗೆ ಇದ್ದವು. ಆಗ ನಾನು ಅಂಗಡಿಯ ಹಿಂದಿನ ನೀರಿನ ಪೈಪಿನ ಹತ್ತಿರ ಮೈಕು ಹಿಡಿದುಕೊಂಡು ಹೋಗಿ, ಸ್ಪ್ಯಾನರಿನಿಂದ ಹೊಡೆದೆ. ಎರಡು, ತಡೆ, ಮೂರು. ಉದ್ದಣ್ಣ ಕಣ್ಣು ಮುಚ್ಚಿಕೊಂಡು, "ಇದು ಎಲ್ಲಿತ್ತೇ ಇಷ್ಟು ದಿನ?" ಎಂದ.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿದರೆ ನೀನು ನಂಬಬಹುದು. ಗೊತ್ತಿತ್ತು ಅಕ್ಕ. ಅದು ಗಿರಣಿಯ ಗುಟ್ಟು ಎಂದು ಪೂರ್ತಿ ಗೊತ್ತಿತ್ತು. ಆದರೆ ನನ್ನ ಮನಸ್ಸಿನಲ್ಲಿ ಅದು ಮರ್ಯಾದೆಯಾಗಿತ್ತು. ಇಪ್ಪತ್ತೆರಡು ವರ್ಷ ಯಾರಿಗೂ ಕೇಳಿಸದ ಒಂದು ತಾಳ, ನಮ್ಮಮ್ಮ ಕಟ್ಟಿದ್ದು, ಇನ್ನು ಊರೆಲ್ಲ ಕೇಳಲಿ ಎಂದುಕೊಂಡೆ. ಅಮ್ಮನ ಕೆಲಸಕ್ಕೆ ತೊಂದರೆಯಾಗಬಾರದು ಎಂದು ನನ್ನ ಹೆಸರು ಮುಚ್ಚಿಟ್ಟೆ. ಹೆಸರು ಮುಚ್ಚಿಟ್ಟೆ, ತಾಳ ಮುಚ್ಚಿಡಲಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ.

ಉದ್ದಣ್ಣನ ಪರಿಚಯದ ಒಂದು ಸಣ್ಣ ಕಂಪನಿ ಅದನ್ನು ಸಿಂಗಲ್ ಆಗಿ ಬಿಟ್ಟಿತು. ಸಿಂಗಲ್ ಎಂದರೆ ಏನು ಎಂದು ಕೇಳಿದ್ದಕ್ಕೆ, "ಜೊತೆಗೆ ಅಣ್ಣತಮ್ಮ ಯಾರೂ ಇಲ್ಲದ ಒಂಟಿ ಹಾಡು, ನಿನ್ನ ಥರ" ಎಂದ. ಮೊದಲು ಯಾರೂ ಕೇಳಲಿಲ್ಲ. ಆಮೇಲೆ ಬಟ್ಟೆ ಅಂಗಡಿಯ ಹುಡುಗಿಯರು ಕೇಳಿದರು, ಟೋಲ್ ಗೇಟಿನವರು ಕೇಳಿದರು, ನಿಂತು ಕೆಲಸ ಮಾಡುವವರೆಲ್ಲ ಒಬ್ಬರಿಗೊಬ್ಬರು ಕಳಿಸಿದರು. ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಟಿಕೆಟು ಹರಿಯುತ್ತಾ ಅದನ್ನು ಗುನುಗುತ್ತಿದ್ದಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ಸಂತೋಷಕ್ಕೇ ಅತ್ತೆ. ಅದನ್ನೂ ಹೇಳಬೇಕಲ್ಲ.

ಅಮ್ಮನಿಗೆ ಗೊತ್ತಾದದ್ದು ಹೀಗೆ. ಅವಳ ವಾರದ ರಜೆ, ನಾನು ಊಟದ ಡಬ್ಬಿ ಮರೆತಿದ್ದೆ, ಅಂಗಡಿಗೆ ತಂದಳು. ಉದ್ದಣ್ಣ ದೊಡ್ಡ ಸ್ಪೀಕರ್ ಪೆಟ್ಟಿಗೆಯೊಂದನ್ನು ಪರೀಕ್ಷೆ ಮಾಡಲು ನಮ್ಮ ಹಾಡನ್ನೇ ಹಾಕಿದ್ದ. ನಾನು ಕೈ ತೊಳೆದು ಬರುವವರೆಗೆ ಅಮ್ಮ ಆ ಪೆಟ್ಟಿಗೆಗೆ ಒರಗಿ ನಿಂತಳು, ಅಭ್ಯಾಸ ಬಲದಿಂದ ಅಂಗೈಯನ್ನು ಅದರ ಮೇಲೆ ಇಟ್ಟಳು. ನಾನು ಬಾಗಿಲಲ್ಲಿದ್ದೆ. ಅವಳ ಮೈ ನೆಟ್ಟಗಾಯಿತು. ಡಬ್ಬಿಯನ್ನು ಕೆಳಗಿಟ್ಟು, ಸುತ್ತ ನೋಡಿದಳು. ಗಡಿಯಾರ ಬಂದನೇನೋ ಎಂದು ನೋಡಿದಳು ಅಕ್ಕ, ನಮ್ಮ ಅಂಗಡಿಯಲ್ಲಿ.

"ಇದು ಎಲ್ಲಿಂದ ಬಂತು?" ಎಂದಳು.

ನನ್ನ ಎದೆ ಮುಟ್ಟಿ ತೋರಿಸಿದೆ.

"ಯಾರ್ಯಾರು ಕೇಳಿದ್ದಾರೆ?"

ಉದ್ದಣ್ಣನಿಗೆ ಏನು ಗೊತ್ತು ಪಾಪ. ಹೆಮ್ಮೆಯಿಂದ, ಅವಳಿಗೆ ತುಟಿ ಕಾಣುವ ಹಾಗೆ ಬಗ್ಗಿ, "ಲಕ್ಷಾಂತರ ಜನ, ಅಮ್ಮಾ! ಲಕ್ಷಾಂತರ!" ಎಂದ.

ಅಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮಾತುಗಳನ್ನು ಬರೆದು ತೋರಿಸಿದೆ, ನಿಮ್ಮ ಪರವಾಗಿಯೇ ಕಟ್ಟಿದ ಹಾಡಮ್ಮ, ನೋಡು ಎಂದು. ಅವಳು ನಿಧಾನವಾಗಿ ಓದಿದಳು. "ಮಾತು ಚೆನ್ನಾಗಿದೆ" ಎಂದಳು. "ಮಾತು ನಿಂದು, ಅದನ್ನ ಯಾರಿಗೆ ಬೇಕಾದ್ರೂ ಕೊಡು. ತಾಳ ನಿಂದಾ?"

ಮರುದಿನವೇ ಅವಳು ತಾಳ ಬದಲಾಯಿಸೋಣ ಎಂದು ಗಿರಣಿಯಲ್ಲಿ ಹೇಳಿದಳು. ಯಾಕೆ ಎಂದು ಕೇಳಿದರು. ಹಳೆಯದು ಸವೆದಿದೆ ಎಂದಳಂತೆ. ಎಲ್ಲರೂ ನಕ್ಕರಂತೆ, ತಾಳ ಏನು ಚಪ್ಪಲಿಯಾ ಸವೆಯೋಕೆ ಎಂದು. ಆದರೂ ಅಮ್ಮನ ಮಾತು ಎಂದು ಒಪ್ಪಿಕೊಂಡು ಹೊಸದೊಂದನ್ನು ಕಲಿತರು. ಆದರೆ ಇಪ್ಪತ್ತೆರಡು ವರ್ಷದ ಕೈ ಅಕ್ಕ. ಗಡಿಯಾರ ಕಂಡ ಕೂಡಲೇ ಕತ್ತರಿ ತನಗೆ ತಾನೇ ಹಳೆಯದನ್ನೇ ಹೊಡೆಯುತ್ತಿತ್ತು. ಅಮ್ಮನ ಕೈಯೇ ಹೊಡೆಯಿತಂತೆ ಎರಡು ಸಲ.

ಅದು ಹೀಗೆ ನಡೆಯುತ್ತಿರುವಾಗಲೇ ಒಂದು ದಿನ ಗಡಿಯಾರ ಶೂ ಲೇಸು ಕಟ್ಟಿಕೊಳ್ಳಲು ನಿಂತು, ಆಸರೆಗೆ ಕಂಬಿ ಹಿಡಿದ. ಅಂಗೈಗೆ ತಾಳ ಸಿಕ್ಕಿತು. ಅವನ ಮಗಳು ಮನೆಯಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಹಾಕಿಕೊಂಡು ಕುಣಿಯುವ ಹಾಡಿನ ತಾಳ. ಇದನ್ನು ಅವನೇ ಚಹದ ಹೊತ್ತಿನಲ್ಲಿ ಹೆಂಗಸರ ಮುಂದೆ ನಗುತ್ತಾ ಹೇಳಿದ. "ನನ್ನ ಮಗಳು ನಿಮಗಿಂತ ಚೆನ್ನಾಗಿ ಬಾರಿಸ್ತಾಳೆ" ಎಂದನಂತೆ. ಯಾರ ಮೇಲೂ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿರುತ್ತಿತ್ತು. ಅವನು ಮಾಡಿದ್ದೇನೆಂದರೆ, ಮರುದಿನದಿಂದ ತಾನೇ ಬಾರಿಸತೊಡಗಿದ. ಗಾಜಿನ ಕ್ಯಾಬಿನ್ನಿನಿಂದ ಒಂದು ಹೆಜ್ಜೆ ಹೊರಗಿಟ್ಟು, ಉಂಗುರದ ಕೈಯಿಂದ ಕಂಬಿಗೆ ಎರಡು, ಆಮೇಲೆ ಮೂರು. ಸಾಲಿನ ಕೊನೆಯವರೆಗೆ ಎಲ್ಲರೂ ದಡಬಡಿಸಿ ಏಳುತ್ತಾರೆ. ಅವನು ಒಳಗೆ ಹೋಗುತ್ತಾನೆ. ಅವರು ಕೂರುತ್ತಾರೆ. ಮತ್ತೆ ಬಾರಿಸುತ್ತಾನೆ. ಹೊಸ ತಾಳ ಹಿಡಿಯುವಷ್ಟು ಪುರುಸೊತ್ತೂ ಕೊಡಲಿಲ್ಲ. ವಾರದೊಳಗೆ ಯಾರೂ ಕೂರುವ ಗೋಜಿಗೇ ಹೋಗಲಿಲ್ಲ. ಆಮೇಲೆ ಖಾಲಿ ಕ್ರೇಟುಗಳನ್ನು ಗೋದಾಮಿಗೆ ಸಾಗಿಸಿ ಬೀಗ ಹಾಕಿಸಿದ.

ಹೆಂಗಸರಿಗೆ ಒಂದೇ ಪ್ರಶ್ನೆ. ನಮ್ಮ ತಾಳ ಹಾಡಿಗೆ ಹೋದದ್ದು ಹೇಗೆ? ಕೊನೆಯ ಮಗ್ಗಕ್ಕೆ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದಳು, ಬಸುರಿ. ಅವಳ ಫೋನಿನಲ್ಲಿ ಆ ಹಾಡಿತ್ತು. ಯಾರ ಫೋನಿನಲ್ಲಿ ಇರಲಿಲ್ಲ ಹೇಳು. ಆದರೆ ಅವಳು ಹೊಸಬಳು, ಸಾಲದ್ದಕ್ಕೆ ಬಾಯಿ ತುಂಬ ಹಾಡಿಕೊಳ್ಳುತ್ತಿದ್ದಳು. ಅವಳೇ ಎಂದು ತೀರ್ಮಾನವಾಯಿತು. ಯಾರೂ ಅವಳ ಜೊತೆ ಊಟಕ್ಕೆ ಕೂರಲಿಲ್ಲ. ಅವಳು ನೀರು ಕುಡಿಯಲು ಹೋದರೆ ಅವಳ ಮಗ್ಗ ನೋಡಿಕೊಳ್ಳಲಿಲ್ಲ, ಹಾಗಾಗಿ ಅವಳು ಹೋಗುವುದನ್ನೇ ಬಿಟ್ಟಳು.

ಅಮ್ಮ ಇದನ್ನೆಲ್ಲ ಊಟ ಮಾಡುತ್ತಾ ಹೇಳುತ್ತಿದ್ದಳು, ತಟ್ಟೆ ನೋಡಿಕೊಂಡು. "ನಾನು ಬಂದು ಹೇಳ್ತೀನಿ, ನಾನೇ ಅಂತ" ಎಂದೆ. "ಸುಮ್ಮನಿರು" ಎಂದಳು. "ನಾಲ್ಕು ದಿನ ಹೋದ್ರೆ ಮರೀತಾರೆ. ನಿನ್ನ ಹೆಸರು ಬಂದ್ರೆ ಮರೆಯಲ್ಲ." ನಾನು ಸುಮ್ಮನಿದ್ದೆ. ಒಂದು ಬುಧವಾರ ಆ ಹುಡುಗಿ ತಲೆ ತಿರುಗಿ ಬಿದ್ದಳು. ಮಗ್ಗದ ಕಾಲಿಗೆ ಕೈ ಬಡಿದು ಮಣಿಕಟ್ಟು ಮುರಿಯಿತು. ಹೊಟ್ಟೆಗೆ ಏನೂ ಆಗಲಿಲ್ಲ, ಡಾಕ್ಟರು ಹಾಗೆ ಹೇಳಿದರಂತೆ. ನೀನು ಇಂಥವನ್ನು ದಿನಾ ನೋಡುವವಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯ ಗೇಟಿಗೆ ಹೋದೆ. ಆ ಗೇಟಿನ ಹತ್ತಿರ ಗುಟ್ಟು ಹೇಳಲು ಸಾಧ್ಯವೇ ಇಲ್ಲ ಅಕ್ಕ, ಅರ್ಧ ಜನಕ್ಕೆ ಕಿವಿ ಕೇಳುವುದಿಲ್ಲ, ಉಳಿದರ್ಧಕ್ಕೆ ಆಗತಾನೇ ಶೆಡ್ಡಿನಿಂದ ಹೊರಬಂದು ಕಿವಿಯೊಳಗೆ ಮಗ್ಗ ಓಡುತ್ತಿರುತ್ತದೆ. ಹಾಗಾಗಿ ತಲೆ ಎತ್ತಿ, ಬಾಯಿ ಅಗಲಿಸಿ ಕೂಗಿದೆ. "ಆ ಹಾಡು ನಂದು! ತಾಳ ಕೊಟ್ಟಿದ್ದು ನಾನು! ಅವಳಲ್ಲ!"

ಗುಂಪಿನಲ್ಲಿ ಹಿರಿಯಕ್ಕ ಇದ್ದಳು. ಮೊದಲ ಮಗ್ಗದವಳು, ಗಡಿಯಾರ ಬರುವುದನ್ನು ನೋಡಿ ಮೊದಲ ಪೆಟ್ಟು ಹೊಡೆಯುವವಳು ಅವಳೇ. ನಿನ್ನನ್ನೂ ನನ್ನನ್ನೂ ಎತ್ತಿ ಆಡಿಸಿದ್ದಾಳೆ. ನನ್ನ ಹತ್ತಿರ ಬಂದು ಮುಖ ನೋಡಿದಳು.

"ನೀನಾ?" ಎಂದಳು.

"ನಾನೇ, ಹಿರಿಯಕ್ಕ."

"ದುಡ್ಡಿಗಾ?"

"ಅಲ್ಲ. ನಿಮ್ಮ ಕಷ್ಟ ಎಲ್ಲರಿಗೂ ಗೊತ್ತಾಗಲಿ ಅಂತ."

"ಕಷ್ಟ ಗೊತ್ತಾಗಿ ಏನಾಗಬೇಕಾಗಿತ್ತು? ನಮಗೆ ಬೇಕಾಗಿದ್ದು ಕೂರೋಕೆ ಒಂದು ಗಳಿಗೆ. ಅದು ಇತ್ತು."

ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ನಿಮ್ಮಮ್ಮನಿಗೆ ಗೊತ್ತಿತ್ತಾ?"

ಅಮ್ಮ ಅವಳ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ಡಬ್ಬಿಯ ಚೀಲ. ನನ್ನ ತುಟಿಯನ್ನೇ ನೋಡುತ್ತಿದ್ದಳು. ಇಲ್ಲ ಎನ್ನಬಹುದಿತ್ತು. ಇಲ್ಲ ಎನ್ನುವುದು ಎಷ್ಟು ಸಣ್ಣ ಮಾತು. ತಲೆ ಅಲ್ಲಾಡಿಸಿದ್ದರೂ ಸಾಕಾಗಿತ್ತು.

"ಗೊತ್ತಿತ್ತು" ಎಂದೆ.

ನೀನು ಈಗ ಹಣೆ ಚಚ್ಚಿಕೊಳ್ಳುತ್ತಿರುತ್ತೀಯ. ನನಗೆ ಸ್ಕೂಲಿನ ದಿನ ನೆನಪಾಯಿತು. ತಪಾಸಣೆಗೆ ಬಂದ ಸಾಹೇಬರು ಪ್ರಯೋಗಾಲಯದ ಸೂಕ್ಷ್ಮದರ್ಶಕಗಳನ್ನು ನೋಡಿ, ಇವೆಲ್ಲ ನಿಮ್ಮವೇನಮ್ಮ ಎಂದು ಕೇಳಿದಾಗ, "ಇಲ್ಲ ಸಾರ್, ಇವತ್ತೊಂದು ದಿನಕ್ಕೆ ತಂದಿಟ್ಟಿರೋದು" ಎಂದವಳು ನಾನು. ಮುಖ್ಯೋಪಾಧ್ಯಾಯರಿಗೆ ಏನೂ ಆಗಲಿಲ್ಲ, ನಮ್ಮನ್ನು ಅಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದ ವಿಜ್ಞಾನದ ಮೇಡಂ ಅವರನ್ನು ಎತ್ತಂಗಡಿ ಮಾಡಿದರು. ತಪ್ಪು ತಿಳಿದು ಹೇಳಿದೆ ಎಂದು ಬರೆದುಕೊಡು ಎಂದರು, ನಾನು ಬರೆದುಕೊಡಲಿಲ್ಲ, ಮತ್ತೆ ಆ ಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ. ಆಗ ನೀನು ಹೇಳಿದ್ದೆ, 'ನೀನು ನಿಜ ಹೇಳ್ತೀಯ, ಏಟು ಮಾತ್ರ ಪಕ್ಕದವರಿಗೆ ಬೀಳುತ್ತೆ' ಎಂದು. ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೆ ಒಂದು ತಿಂಗಳು. ಈಗ ಹೇಳುತ್ತೇನೆ, ಆ ಮಾತು ಸರಿ. ಆದರೂ ಗಿರಣಿಯ ಗೇಟಿನಲ್ಲಿ ಇನ್ನೊಂದು ಸಲ ನಿಲ್ಲಿಸಿ ಕೇಳಿದರೂ ನಾನು ಇಲ್ಲ ಎನ್ನುವವಳಲ್ಲ. ಇದು ಹೆಮ್ಮೆಯಿಂದ ಬರೆಯುತ್ತಿರುವುದಲ್ಲ. ನನ್ನ ಬಾಯಿಯೇ ಹಾಗಿದೆ.

ಕಂಪನಿಗೆ ಫೋನು ಮಾಡಿ ಹಾಡನ್ನು ವಾಪಸು ತೆಗೆಯಿರಿ ಎಂದು ಕೇಳಿದೆ. "ಹೊರಗೆ ಬಿಟ್ಟಿದ್ದನ್ನ ಈಗ ಯಾರ ಯಾರ ಕಿವಿಯಿಂದ ಕಿತ್ಕೊಂಡು ಬರೋಣ?" ಎಂದರು. ಇನ್ನೊಂದು ಹಾಡು ಕೊಡು, ಇದೇ ಥರ ಒಳಗಿನ ವಿಷಯ ಇರಲಿ ಎಂದೂ ಕೇಳಿದರು. ಒಳಗಿನ ವಿಷಯ! ಆಗುವುದಿಲ್ಲ ಎಂದೆ. ಉದ್ದಣ್ಣನಿಗೆ ಬೇಸರವಾಗಿದೆ. ಹೋಗುವಾಗ ಬಾಗಿಲಿಗೆ ಹಣೆ ಬಡಿಸಿಕೊಂಡು ಹೋದ.

ಒಂದು ಸಮಾಧಾನದ ಸುದ್ದಿ ಬರೆಯುತ್ತೇನೆ. ಕೊನೆಯ ಮಗ್ಗದ ಹುಡುಗಿ ಕೈಗೆ ಹಾಕಿದ್ದ ಪ್ಲಾಸ್ಟರು ತೆಗೆಸಿಕೊಂಡು ಕೆಲಸಕ್ಕೆ ಬಂದಿದ್ದಾಳೆ. ಹಿರಿಯಕ್ಕ ಎಲ್ಲರ ಮುಂದೆ ಅವಳ ಕೆನ್ನೆ ಹಿಡಿದು ತಪ್ಪಾಯಿತು ಎಂದಳಂತೆ. ಹೆಂಗಸರು ಮತ್ತೆ ಹೊಸ ತಾಳ ಕಟ್ಟಿಕೊಂಡಿದ್ದಾರೆ, ಈ ಸಲ ಕಂಬಿಯ ಮೇಲಲ್ಲ, ಬೇರೆ ಎಲ್ಲೋ. ಮಡಚಿದ ಗೋಣಿಚೀಲದ ಮೇಲೆ ಕೂರುತ್ತಾರೆ. ಗಡಿಯಾರ ಈಗಲೂ ದಿನಾ ಬಂದು ಕಂಬಿಗೆ ಬಾರಿಸುತ್ತಾನೆ, ಅವರೆಲ್ಲ ಹೆದರಿದ ಹಾಗೆ ನಟಿಸುತ್ತಾರೆ. ಅವನು ಖುಷಿಯಿಂದ ಒಳಗೆ ಹೋಗುತ್ತಾನೆ.

ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ. ಬೆಸುಗೆ ಮಾವನ ಪರಿಚಯದವರ ಅಂಗಡಿ, ದೊಡ್ಡ ದೊಡ್ಡ ಸ್ಪೀಕರುಗಳನ್ನು ರಿಪೇರಿ ಮಾಡುತ್ತಾರಂತೆ. ಮಲಗಲು ಅಂಗಡಿಯ ಮೇಲೆಯೇ ಒಂದು ಕೋಣೆ. ವಿಳಾಸವನ್ನು ಅಲ್ಲಿಂದ ಬರೆಯುತ್ತೇನೆ. ಸಿಂಥಸೈಜರನ್ನು ಕೊಂಡುಹೋಗು ಎಂದು ಮಾವ ಹೇಳಿದ, ನಾನು ಬೇಡ ಎಂದೆ. ಆಮೇಲೆ ಹೊಟ್ಟೆ ಉರಿಯಿತು. ಇನ್ನೂ ಉರಿಯುತ್ತಿದೆ.

ನೀನು ಆ ಸ್ಟೂಲಿನ ಮೇಲೆ ಕೂತಿದ್ದಾಗ ಈ ಕಾಗದ ಓದುತ್ತಿದ್ದರೆ, ಎದ್ದು ನಿಲ್ಲಬೇಡ. ನಿನಗೆ ನನ್ನಾಣೆ. ಆ ಸ್ಟೂಲು ಉಳಿಯಲಿ, ಇನ್ನೂ ನಾಲ್ಕು ಬರಲಿ. ಕಾಲಿಗೆ ಬಿಸಿನೀರು ಹಾಕಿಕೊ, ಊಟ ಬಿಡಬೇಡ. ಎಲ್ಲಿ ಕೆಲಸ ಮಾಡಿದರೂ ನಿನಗೆ ಕೂರಲು ಒಂದು ಜಾಗ ಇರಲಿ ಎಂದು ಬೇಡಿಕೊಳ್ಳುತ್ತೇನೆ. ಚಿಕ್ಕವಳು ಹರಸಬಾರದು ಎಂದೇನಾದರೂ ಇದ್ದರೆ ಇದನ್ನು ಹೊಟ್ಟೆಗೆ ಹಾಕಿಕೊ.

ನಿನ್ನ,
ಮೊಂಡಿ

ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ. ಸಹಿ ಹಾಕಿದ ಮೇಲೆ ಮೇಲಿನದನ್ನೆಲ್ಲ ಓದಿದೆ. ಕೆಲಸ ಸಿಕ್ಕಿದೆ, ಹೋಗುತ್ತಿದ್ದೇನೆ ಎನ್ನುವ ಹಾಗೆ ಬರೆದಿದ್ದೇನೆ. ಸುಳ್ಳಲ್ಲ, ಆದರೆ ಹೋಗಬೇಕಾಗಿ ಬಂದದ್ದು ಮೊದಲು, ಕೆಲಸ ಹುಡುಕಿದ್ದು ಆಮೇಲೆ.

ಹ್ಞಾಂ, ಹೊಸ ತಾಳ. ಅದನ್ನು ಕೊನೆಯ ಮಗ್ಗದ ಹುಡುಗಿಗೂ ಹೇಳಿಕೊಟ್ಟರು. ಅಮ್ಮನಿಗೆ ಹೇಳಿಕೊಡಲಿಲ್ಲ. ಎಲ್ಲಿ ಬಾರಿಸುತ್ತಾರೆ ಎನ್ನುವುದೂ ಅವಳಿಗೆ ಗೊತ್ತಿಲ್ಲ. ಅಕ್ಕಪಕ್ಕದವರು ಇದ್ದಕ್ಕಿದ್ದ ಹಾಗೆ ಕೂರುವುದನ್ನು ನೋಡುತ್ತಾಳೆ, ಇದ್ದಕ್ಕಿದ್ದ ಹಾಗೆ ಏಳುವುದನ್ನು ನೋಡುತ್ತಾಳೆ. ತಾನು ಕೂತರೆ ಏಳಬೇಕಾದ್ದು ಯಾವಾಗ ಎಂದು ತಿಳಿಯುವುದಿಲ್ಲವಲ್ಲ, ಹಾಗಾಗಿ ಕೂರುವುದೇ ಇಲ್ಲ. ಅಷ್ಟು ಜನರಲ್ಲಿ ಅವಳೊಬ್ಬಳೇ ದಿನವೆಲ್ಲ ನಿಂತಿರುತ್ತಾಳೆ. ಆ ಉಪಾಯ ಕಂಡುಹಿಡಿದವಳು. ಮನೆಗೆ ಬಂದು ಕಾಲನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಾಳೆ. ಹಿಂದೆ ನನ್ನ ಮಣಿಕಟ್ಟಿನ ಮೇಲೆ ತಟ್ಟಿ ಕರೆಯುತ್ತಿದ್ದಳು, ಈಗ ಬಾಯಿಂದಲೇ ಕರೆಯುತ್ತಾಳೆ.

ಮೊನ್ನೆ ಹಿರಿಯಕ್ಕ ಮನೆಗೆ ಬಂದಿದ್ದಳು. ಚಹ ಕುಡಿದಳು. ಆಮೇಲೆ ಅಮ್ಮನ ಎದುರಿಗೆ ಕೂತು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು. "ನಿನ್ನ ಮೇಲೆ ನಮಗೆ ಸಿಟ್ಟಿಲ್ಲ ಕಣೇ. ಆದ್ರೆ ಇವಳು ಈ ಮನೇಲಿ ಇರೋತನಕ ನಿನಗೆ ಹೇಳಿಕೊಡೋಕಾಗಲ್ಲ. ಇವಳು ಬೇಕಂತ ಮಾಡಲ್ಲ. ಕೇಳಿದ್ರೆ ಹೇಳಿಬಿಡ್ತಾಳೆ, ಅಷ್ಟೇ."

ನಾನು ಬಾಗಿಲ ಹತ್ತಿರ ಲೋಟ ಹಿಡಿದುಕೊಂಡು ನಿಂತಿದ್ದೆ. ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ನನ್ನ ಮಗಳು ಎಲ್ಲಿಗೂ ಹೋಗಲ್ಲ ಎನ್ನುತ್ತಾಳೆ ಎಂದು ಕಾದೆ. ಅವಳು ಹಿರಿಯಕ್ಕನ ಕಡೆ ತಿರುಗಿ ಕೇಳಿದಳು:

"ಕಲಿಯೋಕೆ ಎಷ್ಟು ದಿನ ಬೇಕು?"

ಅವಳ ಮೇಲೆ ನನಗೆ ಕೋಪವಿಲ್ಲ. ನೀನೂ ಅವಳನ್ನು ಏನೂ ಕೇಳಬೇಡ. ನನ್ನ ಬಟ್ಟೆಗಳನ್ನು ಅವಳೇ ಮಡಚಿ ಚೀಲಕ್ಕೆ ಹಾಕಿದ್ದಾಳೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.